ಸರ್ಕಾರಿ ಹೈಸ್ಕೂಲ್ ಮಕ್ಕಳು ವಿಜ್ಞಾನ ತಗೊಳ್ಳುವಂತೆ ಮಾಡಲು ನಮ್ಮ ಕಾಲೇಜಿನಿಂದ ಏನು ಮಾಡಬಹುದು? – ಹಾವೇರಿ ಜಿಲ್ಲೆ

ವರದಾ ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಭೌತವಿಜ್ಞಾನ ವಿಭಾಗದಿಂದ ಬರೆಯುತ್ತಿದ್ದೇನೆ. ಸುತ್ತಲಿನ ಐದು ಸರ್ಕಾರಿ ಪ್ರೌಢಶಾಲೆಗಳಿಗೆ ನಮ್ಮ ಬಿಎಸ್ಸಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಬೇಕೆಂಬ ಯೋಚನೆ ಇದೆ. ಮುಂದೆ ಬಂದವರು 14 ಜನ, ಅವರಲ್ಲಿ 9 ಹುಡುಗಿಯರು. ಕಾಲೇಜು 20,000 ರೂಪಾಯಿ ಕೊಡುತ್ತದೆ, ಎನ್‌ಎಸ್‌ಎಸ್ ಘಟಕದವರೂ ಜೊತೆಗಿದ್ದಾರೆ.

ಆ ಶಾಲೆಗಳ ಮಕ್ಕಳಲ್ಲಿ ಹೆಚ್ಚಿನವರ ತಂದೆ-ತಾಯಿ ಕೂಲಿಗೆ ಹೋಗುವವರು ಅಥವಾ ಎರಡು-ಮೂರು ಎಕರೆ ಮಳೆಯಾಶ್ರಿತ ಹೊಲದವರು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ 70ರ ಮೇಲೆ ತೆಗೆದ ಮಕ್ಕಳೂ "ಸೈನ್ಸ್ ನಮಗಲ್ಲ" ಎಂದು ಆರ್ಟ್ಸ್‌ಗೆ ಹೋಗುತ್ತಾರೆ.

ಪ್ರತಿ ಶಾಲೆಯಲ್ಲಿ ಒಂದು ದಿನ ಪ್ರದರ್ಶನ ಎಂದು ಅಂದುಕೊಂಡಿದ್ದೆವು: ಜ್ವಾಲಾಮುಖಿ, ನೀರಿನ ರಾಕೆಟ್, ಕೊನೆಗೆ ಒಂದು ಭಾಷಣ. ಇದು ಸಾಕೇ? ಯಾವ ತರಗತಿಗೆ, ಯಾವ ತಿಂಗಳು, ಲ್ಯಾಬ್ ಇಲ್ಲದ ಕಡೆ ಯಾವ ಪ್ರಯೋಗ, ಅನುಮತಿ ಹೇಗೆ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

---

ಕಪ್ಪತಗುಡ್ಡ (ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಗದಗ ಜಿಲ್ಲೆ):

ಸರ್, ಐದು ಸಾಲಿ ಬ್ಯಾಡ, ಎರಡು ಹಿಡೀರಿ. ವರ್ಷಕ್ಕ ಒಮ್ಮೆ ಬಂದು ಹೋದ್ರ ಮಕ್ಕಳಿಗೆ ಅದು ಜಾತ್ರಿ ಇದ್ದಂಗ, ನೋಡ್ತಾರ, ಖುಷಿ ಪಡ್ತಾರ, ಮುಂದಿನ ವಾರ ಮರೀತಾರ. ಅದೇ ಅಕ್ಕ-ಅಣ್ಣಂದಿರು ಅದೇ ತರಗತಿಗೆ ಐದಾರು ಸಲ ಬಂದ್ರ ಹೆಸರು ಹಿಡದು ಕರಿಯೋ ಸಲಗಿ ಬರತೈತಿ, ಆವಾಗ ಹಿಂದಿನ ಬೆಂಚಿನ ಹುಡುಗಿನೂ ಪ್ರಶ್ನೆ ಕೇಳತಾಳ. ಲೆಕ್ಕ ಹಾಕ್ರಿ: ಒಂದು ತರಗತಿಗೆ 40 ಮಕ್ಕಳು, ನಾಲ್ಕು ಮಂದಿಗೊಂದು ಗುಂಪು, ಒಟ್ಟು 10 ಗುಂಪು. ಎರಡು ಗುಂಪಿಗೊಬ್ರು ಅಂದ್ರ ಐದು ಮಂದಿ, ಸಾಮಾನು ಹಂಚಾಕ ಇಬ್ರು. ಏಳು ಮಂದಿ ಆತು. ನಿಮ್ಮ 14 ಮಂದಿಗೆ ಎರಡು ಸಾಲಿ ಸರಿ ಹೊಂದತಾವ. ಒಂದು ಗುಂಪಿನ್ಯಾಗ ನಾಲ್ಕಕ್ಕಿಂತ ಹೆಚ್ಚು ಮಂದಿ ಹಾಕಿದ್ರ ಇಬ್ರು ಮಾಡ್ತಾರ, ಉಳದವ್ರು ನೋಡ್ಕೋತ ನಿಲ್ತಾರ. ನೋಡ್ಕೋತ ನಿಲ್ಲೋರು ಬಹುತೇಕ ಹುಡುಗ್ಯಾರು, ಇದನ್ನ ಮೊದಲ ಸಲಾನ ತಡೀಬೇಕು.

9ನೇ ತರಗತಿಯಿಂದ ಶುರು ಮಾಡ್ರಿ. 10ನೇದವ್ರಿಗೆ ವಿಶೇಷ ತರಗತಿ, ಆಮ್ಯಾಲ ಪೂರ್ವಸಿದ್ಧತಾ ಪರೀಕ್ಷೆ, ಅವ್ರ ಹತ್ರ ಪುರುಸೊತ್ತು ಇರಂಗಿಲ್ಲ. 9ನೇದವ್ರು ಸಿಕ್ರ ಎರಡು ವರ್ಷ ನಿಮ್ಮ ಕೈಯಾಗ ಇರ್ತಾರ.

ದಿನಾಂಕ ಹಾಕೋ ಮುಂದ ಹೊಲದ ಕಡೆ ನೋಡ್ರಿ. ಆಗಸ್ಟ್‌ದಾಗ ಗದಗ, ನವಲಗುಂದ ಕಡೆ ಹೆಸರಿನ ಸುಗ್ಗಿ, ಹಾಜರಿ ಬೀಳತೈತಿ. ನಿಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಸೋದು ಶುರು ಆತಂದ್ರ ಡಿಸೆಂಬರ್‌ದಿಂದ ಹಂಗ. ಆ ದಿನ ಸಾಲಿಗೆ ಬರದ ಮಕ್ಕಳು ಯಾರು ಅಂದ್ರ, ಕೂಲಿಗೆ ಹೋದ ಮಕ್ಕಳು. ನಿಮಗ ಮುಟ್ಟಬೇಕಾದವ್ರು ಅವ್ರ. ಅದಕ್ಕ ಜುಲೈ ಕೊನಿ ವಾರ, ಸೆಪ್ಟೆಂಬರ್, ದಸರಾ ಸೂಟಿ ಮುಗದ ಮ್ಯಾಲ ನವೆಂಬರ್ ಭಾಳ ಚೊಲೊ. ಎರಡು ಪಿರಿಯಡ್ ಕೂಡಿಸಿ 80 ನಿಮಿಷ ಕೇಳ್ರಿ, ಬಿಸಿಯೂಟದ ಮುಂಚೆ. ಶನಿವಾರ ಸಾಲಿ ಬಿಟ್ಟ ಮ್ಯಾಲ ಹಿಡಕೊಂಡು ಕೂಡ್ರಬ್ಯಾಡ್ರಿ, ಪಕ್ಕದ ಹಳ್ಳಿ ಮಕ್ಕಳಿಗೆ ಬಸ್ ತಪ್ಪತೈತಿ.

ಅನುಮತಿ ಅಂದ್ರ ನಿಮ್ಮ ಪ್ರಾಂಶುಪಾಲರ ಪತ್ರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರಿಗೆ, ಅದರ ಪ್ರತಿ ಮುಖ್ಯೋಪಾಧ್ಯಾಯರಿಗೆ. ಅದರಾಗ ದಿನಾಂಕ, ತರಗತಿ, ಬರೋರ ಹೆಸರು, ತರೋ ಸಾಮಾನಿನ ಪಟ್ಟಿ ಇರಲಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆ ಆದ್ರ ಬಿಇಒ ಪತ್ರ ನಡಿಯಂಗಿಲ್ಲ, ಅವು ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಕೆಳಗ ಬರತಾವ. ಜಿಲ್ಲಾ ಸಮಾಜ ಕಲ್ಯಾಣ ಕಚೇರಿಯೊಳಗ ವಿಚಾರಸ್ರಿ.

ಇನ್ನೊಂದು ಮಾತು. ಸಾಲಿ ವಿಜ್ಞಾನದ ಮಾಸ್ತರ್ ಅಥವಾ ಅಕ್ಕೋರನ್ನ ಬದಿಗಿಟ್ಟು ಏನೂ ಮಾಡಬ್ಯಾಡ್ರಿ. ಒಂದು ವಾರ ಮೊದಲ ಫೋನ್ ಮಾಡಿ ಯಾವ ಪಾಠ ನಡದೈತಿ ಕೇಳ್ರಿ, ಅದಕ್ಕ ಹೊಂದೋ ಪ್ರಯೋಗ ತರ್ರಿ. ಬೀರುವಿನ್ಯಾಗ ಸೂಕ್ಷ್ಮದರ್ಶಕ, ವೋಲ್ಟ್‌ಮೀಟರ್ ಇರ್ತಾವ, ಆದ್ರ ಹೊರಗ ಬರಂಗಿಲ್ಲ. ದಾಸ್ತಾನು ವಹಿಯೊಳಗ ಬರದದ್ದು ಒಡದ್ರ ಜವಾಬ್ದಾರಿ ಶಿಕ್ಷಕರ ಮ್ಯಾಲ ಬರತೈತಿ, ಅಂಜಿಕಿ ಅದು. ನಿಮ್ಮ ಗಾಜಿನ ಸಾಮಾನು ನೀವ ತರ್ರಿ. ಸಾಲಿಯೊಳಗಿನ ಸೂಕ್ಷ್ಮದರ್ಶಕದ ಲೆನ್ಸ್ ಒರಸಿ, ಕನ್ನಡಿ ಕೂಡಿಸಿ, ಕೆಟ್ಟ ಮೀಟರಿನ ವಾಯರ್ ಬೆಸಗಿ ಹಾಕಿ ಕೊಟ್ರ ಆ ಸಾಲಿಗೆ ನಿಮ್ಮಿಂದ ಆಗೋ ದೊಡ್ಡ ಉಪಕಾರ ಅದ. ನೀವು ಹೋದ ಮ್ಯಾಲೂ ಅವು ನಡೀತಾವ.

---

ಸಾಧನಕೇರಿ ಲ್ಯಾಬ್ (ಧಾರವಾಡ):

ಮೇಲಿನ ಮಾತುಗಳಿಗೆಲ್ಲ ನನ್ನ ಒಪ್ಪಿಗೆ ಇದೆ. ನಾನು ಪ್ರಯೋಗಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಜ್ವಾಲಾಮುಖಿ ಬಿಟ್ಟುಬಿಡಿ. ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್ ಉರಿಸುವ ಪ್ರಯೋಗ ಅದು. ಆ ಪುಡಿಯಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಉರಿಯುವಾಗ ಪುಡಿ ಹಾರಿ ಮುಂದಿನ ಸಾಲಿನ ಮಕ್ಕಳ ಮೂಗಿಗೇ ಹೋಗುತ್ತದೆ. ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಹಾಕಿ ಬೆಂಕಿ ಬರಿಸುವುದೂ ಬೇಡ, ಎರಡೂ ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಮಕ್ಕಳು ಮನೆಯಲ್ಲಿ ಮಾಡಿ ನೋಡುತ್ತಾರೆ. ಒಂದು ಪ್ರಯೋಗವನ್ನು ಆರಿಸುವಾಗ ನಮ್ಮ ಅಳತೆಗೋಲು ಇದು: ಮಗು ಮನೆಗೆ ಹೋಗಿ ತಾನೇ ಮಾಡಿದರೂ ಅಪಾಯ ಇರಬಾರದು, ಮತ್ತು ಪಠ್ಯದ ಒಂದು ಪುಟಕ್ಕಾದರೂ ಅದು ಜೋಡಿಯಾಗಬೇಕು.

ಮೊದಲ ಭೇಟಿಗೆ ಪುಟ್ಟ ಮೋಟಾರ್ ಮಾಡಿಸಿ. ಪಂಪ್‌ಸೆಟ್ ಇಲ್ಲದ ಊರು ನಿಮ್ಮ ಕಡೆ ಇಲ್ಲ, ಮೋಟಾರ್ ಎಂದರೆ ಮಕ್ಕಳಿಗೆ ಗೊತ್ತಿರುವ ವಸ್ತು. ಪ್ರತಿ ಗುಂಪಿಗೆ ಬೇಕಾಗುವುದು: ದಪ್ಪ ಟಾರ್ಚ್ ಸೆಲ್ ಒಂದು, 26 ಗೇಜಿನ ಎನಾಮಲ್ ತಾಮ್ರದ ತಂತಿ 1.1 ಮೀಟರ್, ದೊಡ್ಡ ಸೇಫ್ಟಿ ಪಿನ್ ಎರಡು, 2 ಸೆಂ.ಮೀ. ಅಗಲದ ಕಪ್ಪು ಬಿಲ್ಲೆ ಅಯಸ್ಕಾಂತ ಒಂದು, ಒಂದು ತುಂಡು ಪಾಲಿಶ್ ಪೇಪರ್, ಬೈಕ್ ಟ್ಯೂಬಿನಿಂದ 1 ಸೆಂ.ಮೀ. ಅಗಲಕ್ಕೆ ಕತ್ತರಿಸಿದ ಒಂದು ಉಂಗುರ. ತಂತಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ. 30 ಸುರುಳಿಗೆ 33 ಮೀಟರ್, ತೂಕದಲ್ಲಿ 50 ಗ್ರಾಂ ಕೂಡ ಆಗುವುದಿಲ್ಲ. 100 ಗ್ರಾಂ ತಂದರೆ ಹಾಳಾದದ್ದಕ್ಕೂ ಸಾಕು. ಸಬ್‌ಮರ್ಸಿಬಲ್ ಮೋಟಾರಿನ ತಂತಿ ಬೇಡ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಫ್ಯಾನಿನ ತಂತಿ ತೀರಾ ಸಣ್ಣ, ಸುರುಳಿ ತನ್ನ ಭಾರಕ್ಕೇ ಬಾಗುತ್ತದೆ. ಅರ್ಧ ಮಿ.ಮೀ. ಹತ್ತಿರದ್ದು ಕೇಳಿ ತನ್ನಿ.

25 ಮಿ.ಮೀ. ಪಿವಿಸಿ ಪೈಪಿನ ತುಂಡಿನ ಮೇಲೆ 12 ಸುತ್ತು ಸುತ್ತಿ, ತಂತಿಯ ಎರಡು ತುದಿಗಳನ್ನು ಎದುರು-ಬದುರಾಗಿ ಹೊರತೆಗೆದು, ಸುತ್ತು ಬಿಚ್ಚದಂತೆ ಅದೇ ತುದಿಯಿಂದ ಎರಡು ಗಂಟು ಹಾಕಬೇಕು. ಟ್ಯೂಬಿನ ಉಂಗುರದಿಂದ ಸೆಲ್ಲಿನ ಎರಡೂ ಬದಿಗೆ ಒಂದೊಂದು ಪಿನ್ ನಿಲ್ಲಿಸಿ, ಪಿನ್ನಿನ ಕಣ್ಣೊಳಗೆ ತುದಿಗಳನ್ನು ತೂರಿಸಿ, ಸೆಲ್ಲಿನ ಬೆನ್ನ ಮೇಲೆ ಅಯಸ್ಕಾಂತ ಇಟ್ಟರೆ ಮುಗಿಯಿತು.

ತಿರುಗದಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಕೆರೆಯುವುದರಲ್ಲಿ ಇರುತ್ತದೆ. ಒಂದು ತುದಿಯ ಎನಾಮಲ್ ಸುತ್ತಲೂ ಪೂರ್ತಿ ಕೆರೆಯಬೇಕು. ಇನ್ನೊಂದು ತುದಿಯಲ್ಲಿ, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದಾಗ ಮೇಲ್ಮುಖವಾಗಿರುವ ಅರ್ಧ ಭಾಗ ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಅರ್ಧ ಸುತ್ತಿನ ನಂತರ ಬಲ ಹಿಂದಕ್ಕೆ ಎಳೆಯುತ್ತದೆ, ಸುರುಳಿ ತೊಟ್ಟಿಲಿನಂತೆ ತೂಗಿ ನಿಲ್ಲುತ್ತದೆ. ಒಂದು ಗುಂಪಿಗೆ ಬೇಕೆಂದೇ ಹಾಗೆ ಕೆರೆಯಲು ಹೇಳಿ. ಪಠ್ಯದ ಒಡಕು ಉಂಗುರ (ಸ್ಪ್ಲಿಟ್ ರಿಂಗ್) ಯಾಕೆ ಬೇಕು ಎಂಬುದನ್ನು ಆ ತೂಗಾಟ ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತದೆ. ಕೆರೆದದ್ದು ಸರಿಯಿದ್ದೂ ತಿರುಗದಿದ್ದರೆ ಸುರುಳಿ ಒಂದು ಬದಿಗೆ ಭಾರವಾಗಿರುತ್ತದೆ, ತುದಿಗಳನ್ನು ನಡುಮಧ್ಯಕ್ಕೆ ತನ್ನಿ. ಬೆರಳಿನಿಂದ ಒಮ್ಮೆ ನೂಕುವುದು ಅಗತ್ಯ.

ಎಚ್ಚರಿಕೆ: ಆ ಸುರುಳಿಯ ರೋಧ ಸುಮಾರು 0.1 ಓಮ್ ಅಷ್ಟೇ, ನಿಂತಿದ್ದರೆ ಸೆಲ್ ಬಿಸಿಯಾಗುತ್ತದೆ. ಹತ್ತು ಸೆಕೆಂಡಿಗೆ ತಿರುಗದಿದ್ದರೆ ಸುರುಳಿ ತೆಗೆಯಬೇಕು. ಲಿಥಿಯಂ ಸೆಲ್, ಪವರ್ ಬ್ಯಾಂಕಿನಿಂದ ಕಿತ್ತ ಸೆಲ್ ಯಾವ ಕಾರಣಕ್ಕೂ ಬೇಡ. ಹತ್ತು ಗುಂಪಿಗೆ 14 ಸೆಲ್ ಒಯ್ಯಿರಿ.

ಎರಡನೇ ಭೇಟಿಗೆ ಆಮ್ಲ-ಕ್ಷಾರ ತೋರಿಸುವ ಬಣ್ಣದ ಸೂಚಕ. ದಾಸವಾಳದ ಐದಾರು ಹೂವಿನ ಎಸಳನ್ನು 100 ಮಿ.ಲೀ. ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿದರೆ ಸಾಕು. ಲಿಂಬೆರಸಕ್ಕೆ ಕಡುಗುಲಾಬಿ, ಸೋಡಾಪುಡಿ ನೀರಿಗೆ ಹಸಿರು. ಇಲ್ಲಿ ಎಲ್ಲರೂ ಎಡವುವುದು ನೀರಿನಲ್ಲಿ. ನಮ್ಮ ಭಾಗದ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಅದರ ಕ್ಷಾರಗುಣಕ್ಕೆ ಸೂಚಕ ಮೊದಲೇ ನೀಲಿ-ಹಸಿರಿಗೆ ತಿರುಗಿರುತ್ತದೆ, ಆಮೇಲೆ ಬದಲಾವಣೆ ಕಾಣುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದ ಒಂದು ಕ್ಯಾನ್ ಒಯ್ಯಿರಿ. ಕೊನೆಗೆ ಅದೇ ಊರಿನ ಬೋರ್‌ವೆಲ್ ನೀರನ್ನು ಹಾಕಿಸಿ ತೋರಿಸಿ. ಅರಿಶಿನದ ಕಾಗದವೂ ಚೆನ್ನ, ಆದರೆ ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಸ್ಪಿರಿಟ್‌ನಲ್ಲಿ ಒಂದು ಚಮಚ ಪುಡಿ ಕಲಸಿ, ಕಾಗದ ಅದ್ದಿ, ನೆರಳಿನಲ್ಲಿ ಒಣಗಿಸಿ. ಸ್ಪಿರಿಟ್ ಕೆಲಸ ಕಾಲೇಜಿನಲ್ಲೇ ಮುಗಿಸಿ, ಶಾಲೆಗೆ ಒಣ ಕಾಗದ ಮಾತ್ರ ಹೋಗಲಿ.

ಮೂರನೆಯದು ಮಸೂರ. ಕನ್ನಡಕದ ಅಂಗಡಿಯಲ್ಲಿ ಕತ್ತರಿಸದ ದುಂಡು ಲೆನ್ಸ್ ಸಿಗುತ್ತದೆ. ಪ್ಲಸ್ 5 ಎಂದು ಕೇಳಿದರೆ ಸಂಗಮ ದೂರ 20 ಸೆಂ.ಮೀ., ಪ್ಲಸ್ 2 ಆದರೆ 50 ಸೆಂ.ಮೀ. ಕಿಟಕಿಯ ಹೊರಗಿನ ಗಿಡದ ಬಿಂಬವನ್ನು ಗೋಡೆಯ ಮೇಲೆ ಹಿಡಿದು ಸ್ಕೇಲಿನಿಂದ ಅಳೆದರೆ 10ನೇ ತರಗತಿಯ ಸೂತ್ರ ತಾನಾಗಿ ಬರುತ್ತದೆ. ಕನ್ನಡಕದ ಲೆನ್ಸ್ ಒಂದು ಬದಿ ಉಬ್ಬು, ಇನ್ನೊಂದು ಬದಿ ತಗ್ಗು. "ಪುಸ್ತಕದಾಗ ಎರಡೂ ಕಡೆ ಉಬ್ಬು ಐತಲ್ರಿ" ಎಂದು ಮಕ್ಕಳು ಕೇಳುತ್ತಾರೆ, ನಿಮ್ಮ ವಿದ್ಯಾರ್ಥಿಗಳು ಉತ್ತರ ಕಲಿತು ಹೋಗಿರಲಿ. ಸೂರ್ಯನ ಕಡೆ ಲೆನ್ಸ್ ಹಿಡಿದು ನೋಡಬಾರದು ಎಂಬುದನ್ನು ಮೊದಲೇ ಹೇಳಿ.

ನಡೆಸುವ ರೀತಿ ಬಹಳ ಮುಖ್ಯ. ಮುಟ್ಟುವ ಮೊದಲು ಪ್ರತಿ ಗುಂಪೂ ಏನಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಲಿ. ಪ್ರಶ್ನೆ ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕಾಯಲು ನಿಮ್ಮ ವಿದ್ಯಾರ್ಥಿಗಳಿಗೆ ಅಭ್ಯಾಸ ಮಾಡಿಸಿ. ಬಿಎಸ್ಸಿ ಹುಡುಗರಿಗೆ ಇದು ಕಷ್ಟ, ತಾವೇ ಉತ್ತರ ಹೇಳಿಬಿಡುತ್ತಾರೆ. ಕಾಲೇಜಿನಲ್ಲಿ ಎರಡು ಸಲ ಪೂರ್ತಿ ತಾಲೀಮು ಆಗದೆ ಶಾಲೆಗೆ ಹೋಗಬೇಡಿ.

---

ಉಣಕಲ್ ಕೆರೆ (ಹುಬ್ಬಳ್ಳಿ, ವಿದ್ಯಾರ್ಥಿವೇತನ ಸಹಾಯ ಕೇಂದ್ರದ ಕೆಲಸ):

ಪ್ರಯೋಗ ಎಷ್ಟೇ ಚೆನ್ನಾಗಿ ಆದರೂ ಜೂನ್‌ನಲ್ಲಿ ಮಗು ಆರ್ಟ್ಸ್‌ಗೆ ಸೇರುವುದು ಕಾಗದಪತ್ರ, ಬಸ್ಸು, ಹಾಸ್ಟೆಲ್ ಎಂಬ ಮೂರು ಕಾರಣಕ್ಕೆ. ನಿಮ್ಮ 14 ಜನರಲ್ಲಿ ಇಬ್ಬರನ್ನು ಇದಕ್ಕೇ ಮೀಸಲಿಡಿ.

8ನೇ ತರಗತಿಯವರಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ, ಸರ್ಕಾರಿ ವಸತಿ ಶಾಲೆಯವರಿಗೆ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷದೊಳಗಿರಬೇಕು, 7ನೇ ತರಗತಿಯಲ್ಲಿ 55 ಶೇಕಡಾ ಬಂದಿರಬೇಕು, ಪರಿಶಿಷ್ಟರಿಗೆ 50. ಎರಡು ಪತ್ರಿಕೆ, ತಲಾ 90 ಪ್ರಶ್ನೆ, ತಲಾ 90 ನಿಮಿಷ: ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತದ್ದು. ಹಳ್ಳಿ ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಅಂಥ ಪ್ರಶ್ನೆಗಳನ್ನು ಶಾಲೆಯಲ್ಲಿ ಕಂಡೇ ಇರುವುದಿಲ್ಲ. ವಾರಕ್ಕೆ ಒಂದು ತಾಸು, ಜುಲೈಯಿಂದಲೇ ಅಭ್ಯಾಸ ಕೊಟ್ಟರೆ ಫಲಿತಾಂಶ ಕಾಣುತ್ತದೆ. ಅಧಿಸೂಚನೆ ಬಂದ ಮೇಲೆ ಶುರು ಮಾಡಿದರೆ ತಡವಾಯಿತು. ಆಯ್ಕೆಯಾದವರು ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು, ಮರೆತರೆ ಆ ವರ್ಷದ ಹಣ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 60 ಶೇಕಡಾ ಬೇಕು, ಪರಿಶಿಷ್ಟರಿಗೆ 55. ಡಿಪ್ಲೊಮಾಕ್ಕೆ ಸೇರಿದರೆ ವೇತನ ನಿಲ್ಲುತ್ತದೆ, ಪಿಯುಸಿಗೆ ಸೇರಿದರೆ ಮುಂದುವರಿಯುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ.

ಹೆಸರಿನ ವ್ಯತ್ಯಾಸವೇ ದೊಡ್ಡ ತೊಂದರೆ. ಆಧಾರ್‌ನಲ್ಲಿ ಅಡ್ಡಹೆಸರು ಪೂರ್ತಿ ಇರುತ್ತದೆ, ಶಾಲಾ ದಾಖಲೆಯಲ್ಲಿ ಇನಿಶಿಯಲ್ ಮಾತ್ರ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲೇ ನಿಲ್ಲುತ್ತದೆ. 9ನೇ ತರಗತಿಯಲ್ಲೇ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ, ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲು ಸರಿಪಡಿಸಿ. ಅಂಕಪಟ್ಟಿ ಮುದ್ರಣವಾದ ಮೇಲೆ ಮಂಡಳಿಯವರೆಗೆ ಅಲೆಯಬೇಕು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಣೆಯಾದ ಚಾಲ್ತಿ ಬ್ಯಾಂಕ್ ಖಾತೆ, ಇವೆರಡನ್ನೂ ಡಿಸೆಂಬರ್ ಒಳಗೆ ನೋಡಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಇತ್ತು, ಪದವಿಗೆ 5,000 ಮತ್ತು 5,500. ಇದಕ್ಕೆ ತಂದೆ ಅಥವಾ ತಾಯಿಯ ಹೆಸರು ರೈತರನ್ನು ನೋಂದಾಯಿಸುವ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿಯಾಗಿರಬೇಕಿತ್ತು.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡಾ, ಕನ್ನಡ ಮಾಧ್ಯಮಕ್ಕೆ 5 ಶೇಕಡಾ. 1ರಿಂದ 10ನೇ ತರಗತಿವರೆಗೆ ಹಾಗೆ ಓದಿರಬೇಕು. ನಿಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೂ ಸಿಗುತ್ತವೆ. ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿಸಿ ಟಿಸಿ ಜೊತೆಗೇ ಕೊಡಿಸಿ. 371ಜೆ (ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗಿರುವ ಮೀಸಲಾತಿ) ಮಾತ್ರ ಧಾರವಾಡ, ಗದಗ, ಹಾವೇರಿಗೆ ಅನ್ವಯಿಸುವುದಿಲ್ಲ. ತುಂಗಭದ್ರೆಯ ಆಚೆ ಹೂವಿನಹಡಗಲಿಯವರಿಗೆ ಇದೆ, ಈಚೆ ಮುಂಡರಗಿಯವರಿಗೆ ಇಲ್ಲ. ಸಂಬಂಧಿಕರ ಮಾತು ಕೇಳಿ ಅದನ್ನೇ ನಂಬಿ ಕೂತವರಿದ್ದಾರೆ.

ಬಸ್ಸಿನ ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಪ್ರಯಾಣ ಉಚಿತ, ಹುಡುಗರಿಗೆ ಪಾಸ್. ಆದರೆ ವಿಜ್ಞಾನದ ಮಕ್ಕಳಿಗೆ ಪ್ರಾಕ್ಟಿಕಲ್ ಇರುತ್ತದೆ, ಮಧ್ಯಾಹ್ನದ ಬ್ಯಾಚ್ ಬಿಡುವಾಗ ಐದು ಗಂಟೆ. ಊರಿಗೆ ಕೊನೆಯ ಬಸ್ ಅದಕ್ಕೂ ಮೊದಲೇ ಇದ್ದರೆ ಹುಡುಗಿಯನ್ನು ಮನೆಯವರು ಸೈನ್ಸ್‌ಗೆ ಕಳಿಸುವುದಿಲ್ಲ. ಹತ್ತಿರದ ಪಿಯು ಕಾಲೇಜಿನವರೊಂದಿಗೆ ಕುಳಿತು, ದೂರದ ಊರಿನ ಮಕ್ಕಳನ್ನೆಲ್ಲ ಬೆಳಗಿನ ಪ್ರಾಕ್ಟಿಕಲ್ ಬ್ಯಾಚಿಗೆ ಹಾಕಿಸಿ. ಖರ್ಚಿಲ್ಲದ ಕೆಲಸ, ಯಾರಾದರೂ ಕೇಳಬೇಕು ಅಷ್ಟೇ.

---

ವರದಾ ತೀರ:

ಮೂವರಿಗೂ ತುಂಬ ಧನ್ಯವಾದಗಳು. ಎರಡೇ ಶಾಲೆ ಎಂದು ನಿರ್ಧರಿಸಿದ್ದೇವೆ. ಇನ್ನೂ ಎರಡು ಪ್ರಶ್ನೆ. ಊರಿನ ಕುಡಿಯುವ ನೀರನ್ನು ಮಕ್ಕಳಿಂದ ಪರೀಕ್ಷೆ ಮಾಡಿಸಬಹುದೇ? ಎರಡನೆಯದು ಇಂಗ್ಲಿಷ್ ಭಯ. ಕನ್ನಡ ಮಾಧ್ಯಮದ ಮಕ್ಕಳೂ ಅವರ ಮನೆಯವರೂ ಮೊದಲು ಕೇಳುವುದು ಅದನ್ನೇ.

---

ಕಪ್ಪತಗುಡ್ಡ:

ಮಾಡಸಬಹುದು ಸರ್, ಆದ್ರ ಜ್ವಾಕಿ. ಟಿಡಿಎಸ್ ಮೀಟರ್ ಕೈಗೆ ಕೊಟ್ರ ಮಕ್ಕಳಿಗೆ ಹುರುಪು ಬರತೈತಿ, 500 ಮಿ.ಗ್ರಾಂ. ಒಳಗ ಇದ್ರ ಚೊಲೊ ಅಂತ ಓದ್ತಾರ. ಮೀಟರ್ ಉಪ್ಪಿನಂಶ ಒಟ್ಟಾರೆ ಎಷ್ಟು ಅಂತ ಅಷ್ಟ ಹೇಳತೈತಿ, ಫ್ಲೋರೈಡ್ ಐತೋ ಇಲ್ಲೋ ಹೇಳಂಗಿಲ್ಲ. ನಮ್ಮ ಮುಂಡರಗಿ ಕಡೆ ನೋಡಬೇಕಾದ್ದು ಫ್ಲೋರೈಡ್. ಅದರ ಮಿತಿ ಲೀಟರಿಗೆ 1 ಮಿ.ಗ್ರಾಂ., ಬ್ಯಾರೆ ನೀರು ಇಲ್ಲಂದ್ರ 1.5ರ ತನಕ. ಅದಕ್ಕ ಬಣ್ಣ ಹೋಲಿಸೋ ಕಿಟ್ ಬ್ಯಾರೆ ಬೇಕು.

ನೀರು ಹಿಡಿಯೋದ ಒಂದು ಪಾಠ. ಬೋರ್ ಐದು ನಿಮಿಷ ಓಡಿಸಿ, ಬಾಟ್ಲಿ ಅದೇ ನೀರಿನ್ಯಾಗ ಮೂರು ಸಲ ತೊಳದು, ಬಾಯಿಮಟ ತುಂಬಿ, ಮ್ಯಾಲ ಊರು, ಜಾಗ, ದಿನಾಂಕ, ವ್ಯಾಳೆ ಬರೀಬೇಕು. ಪ್ಲಾಸ್ಟಿಕ್ ಬಾಟ್ಲಿನ ಬೇಕು, ಫ್ಲೋರೈಡ್ ಗಾಜಿಗೆ ಹತ್ತತೈತಿ. ಒಂದ ನೀರನ್ನ ಮೂರು ಗುಂಪಿಗೆ ಕೊಟ್ಟು ಮೂರು ಉತ್ತರ ಯಾಕ ಬ್ಯಾರೆ ಬಂದ್ವು ಅಂತ ಕೇಳ್ರಿ. ಅಳತಿಯೊಳಗ ತಪ್ಪು ಇರತೈತಿ ಅನ್ನೋದು ಮಕ್ಕಳಿಗೆ ಅಲ್ಲಿ ಗೊತ್ತಾಗತೈತಿ.

ಹೆಚ್ಚು ಬಂದ್ರ ಊರಾಗ ಸಾರಬ್ಯಾಡ್ರಿ. ಮಕ್ಕಳ ಕಿಟ್ಟಿನ ಉತ್ತರ ಹಿಡಕೊಂಡು ಮಂದಿ ಗಾಬರಿ ಆಗಬಾರದು. ಅದೇ ನೀರನ್ನ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕ ಕಳಿಸಿ, ಅವ್ರ ವರದಿ ಬಂದ ಮ್ಯಾಲ ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಪಂಚಾಯ್ತಿಗೆ ಕೊಡ್ರಿ. ಫ್ಲೋರೈಡ್ ಕಾಸಿದ್ರ ಹೋಗಂಗಿಲ್ಲ, ನೀರು ಆರಿ ಇನ್ನೂ ಗಟ್ಟಿ ಆಗತೈತಿ. ಇಷ್ಟು ಮಾತ್ರ ಮಕ್ಕಳು ಮನ್ಯಾಗ ಹೇಳಲಿ.

ಮನೆಯವ್ರ ಸಭಾ ಕರಿಯೋದಿದ್ರ ಅಮವಾಸಿ ದಿನ ನೋಡ್ರಿ, ಹೊಲದ ಕೆಲಸ ಕಡಿಮಿ ಇರತೈತಿ. ಭಾಷಣಕ್ಕ ಬ್ಯಾರೆ ಯಾರನ್ನೂ ಕರೀಬ್ಯಾಡ್ರಿ, ನಿಮ್ಮ ಬಿಎಸ್ಸಿ ಹುಡುಗ್ಯಾರೊಳಗ ಅದೇ ತಾಲ್ಲೂಕಿನಾಕಿ ಇದ್ರ ಆಕಿ ಮಾತಾಡಲಿ. ತಾಯಂದಿರು ಆಕಿನ್ನ ಕೇಳತಾರ: ಹಾಸ್ಟೆಲ್ ಊಟ ಹೆಂಗ, ರಾತ್ರಿ ಯಾರು ಇರ್ತಾರ, ಎಷ್ಟು ರೊಕ್ಕ ಆತು. ಆ ಉತ್ತರ ನಮಗ ನಿಮಗ ಬರಂಗಿಲ್ಲ.

---

ಸಾಧನಕೇರಿ ಲ್ಯಾಬ್:

ಇಂಗ್ಲಿಷ್ ಬಗ್ಗೆ. ಭಯ ಹುಟ್ಟುವುದು ಇಡೀ ಭಾಷೆಯಿಂದ ಎಂದು ಕಾಣುತ್ತದೆ, ಆದರೆ ಪಿಯುಸಿ ಮೊದಲ ಮೂರು ತಿಂಗಳು ಮಗು ಎಡವುವುದು ಇನ್ನೂರು-ಇನ್ನೂರೈವತ್ತು ಪದಗಳ ಮೇಲೆ. ವೇಗೋತ್ಕರ್ಷ ಗೊತ್ತಿದೆ, ಆಕ್ಸಲರೇಷನ್ ಗೊತ್ತಿಲ್ಲ. ಸಂವೇಗ ಗೊತ್ತಿದೆ, ಮೊಮೆಂಟಮ್ ಗೊತ್ತಿಲ್ಲ. ವಿಭವಾಂತರ, ರೋಧ, ದ್ಯುತಿಸಂಶ್ಲೇಷಣೆ, ತಟಸ್ಥೀಕರಣ, ಎಲ್ಲ ಹೀಗೇ. ಪ್ರತಿ ಭೇಟಿಯಲ್ಲಿ ಆ ದಿನದ ಪ್ರಯೋಗದ ಎಂಟು ಪದಗಳನ್ನು ಎರಡೂ ಭಾಷೆಯಲ್ಲಿ ಗೋಡೆಗೆ ಅಂಟಿಸಿ ಬನ್ನಿ. ಪಾಠ ಮಾತ್ರ ಕನ್ನಡದಲ್ಲೇ ಇರಲಿ. ಅರ್ಥವಾದದ್ದಕ್ಕೆ ಇನ್ನೊಂದು ಹೆಸರು ಕಲಿಯುವುದು ಸುಲಭ, ಅರ್ಥವಾಗದ್ದನ್ನು ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿದರೆ ಎರಡೂ ಇಲ್ಲ. ನೀಟ್ ಮತ್ತು ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ, ಅದನ್ನೂ ಹೇಳಿ.

ಇಂಗ್ಲಿಷ್‌ಗಿಂತ ಹೆಚ್ಚು ಮಕ್ಕಳನ್ನು ಬೀಳಿಸುವುದು ಗಣಿತ. ಋಣ ಚಿಹ್ನೆ, ಭಿನ್ನರಾಶಿ, ಹತ್ತರ ಘಾತ, ಸೂತ್ರವನ್ನು ತಿರುಗಿಸಿ ಬರೆಯುವುದು, ನಕ್ಷೆಯ ಇಳಿಜಾರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯು ತರಗತಿ ಹಿಡಿಯುವ ನಡುವೆ ಹತ್ತು ದಿನ, ದಿನಕ್ಕೆ ಎರಡು ತಾಸು ಇಷ್ಟನ್ನೇ ಮಾಡಿಸಿ. ಹೊಸ ಪಾಠ ಏನೂ ಬೇಡ.

ನವೆಂಬರ್ ಭೇಟಿಯ ಬದಲು ಮಕ್ಕಳನ್ನೇ ನಿಮ್ಮ ಲ್ಯಾಬಿಗೆ ಕರೆಸಿ. ತಲೆಗೂದಲಿನ ದಪ್ಪ ಅಳೆಸಿ. ಒಂದು ಕೂದಲನ್ನು ರಟ್ಟಿನ ಕಿಂಡಿಗೆ ಅಂಟಿಸಿ, ಕೆಂಪು ಲೇಸರ್ ಬೆಳಕು ಬಿಟ್ಟು, 2 ಮೀಟರ್ ದೂರದ ಗೋಡೆಯಲ್ಲಿ ಕಪ್ಪು ಪಟ್ಟಿಗಳ ನಡುವಿನ ದೂರ ಅಳೆಯಬೇಕು. 650 ನ್ಯಾನೋಮೀಟರ್ ಲೇಸರ್‌ಗೆ 70 ಮೈಕ್ರಾನ್ ಕೂದಲಾದರೆ ಸುಮಾರು 1.9 ಸೆಂ.ಮೀ. ಬರುತ್ತದೆ. ಒಂದೇ ಪಟ್ಟಿ ಅಳೆಯದೆ, ನಡುವಿನ ಪ್ರಖರ ಚುಕ್ಕೆಯ ಒಂದೇ ಪಕ್ಕದಲ್ಲಿ ಐದು ಅಂತರ ಸೇರಿಸಿ ಅಳೆದು ಭಾಗಿಸಿ. ಕೋಣೆ ಕತ್ತಲಿರಬೇಕು. ಲೇಸರನ್ನು ಮೇಜಿಗೆ ಟೇಪ್ ಹಾಕಿ ಬಿಗಿಯಬೇಕು, ಯಾರ ಕೈಗೂ ಕೊಡಬಾರದು. ಸಂತೆಯ ಹಸಿರು ಲೇಸರ್ ಕಣ್ಣಿಗೆ ಅಪಾಯ, ಅದು ಬೇಡ. ಆಮೇಲೆ ಅದೇ ಕೂದಲನ್ನು ಸ್ಕ್ರೂಗೇಜಿನಲ್ಲಿ ಹಿಡಿದರೆ 0.07 ಮಿ.ಮೀ. ಹತ್ತಿರ ಬರುತ್ತದೆ. ತನ್ನದೇ ಕೂದಲು, ಎರಡು ದಾರಿ, ಒಂದೇ ಉತ್ತರ. ಹಣ ಉಳಿದರೆ ಧಾರವಾಡದ ಕರ್ನಾಟಕ ಕಾಲೇಜು ಆವರಣದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಒಂದು ದಿನ ಹೋಗಿ ಬನ್ನಿ, ಆದರೆ ಪ್ರವಾಸ ಕೊನೆಗೆ, ಅದರಿಂದಲೇ ಶುರು ಬೇಡ.

ಫೋಟೋ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಕಾಲೇಜಿನ ಮೌಲ್ಯಮಾಪನ ಮಾಡುವ ನ್ಯಾಕ್‌ಗೆ ಕೊಡುವ ವರದಿಗೆ ಬೇಕಾದರೆ ಕೈಗಳದ್ದು, ಮೋಟಾರಿನದ್ದು ತೆಗೆಯಿರಿ. ಮಕ್ಕಳ ಮುಖ, ಹೆಸರು ಸಾಮಾಜಿಕ ಜಾಲತಾಣಕ್ಕೆ ಹೋಗಬಾರದು, ನಿಮ್ಮ ವಿದ್ಯಾರ್ಥಿಗಳು ಮಕ್ಕಳ ಖಾಸಗಿ ಫೋನ್ ಸಂಖ್ಯೆ ಪಡೆಯಬಾರದು. ಸಂಪರ್ಕ ಶಾಲೆಯ ಮೂಲಕ ಮಾತ್ರ.

---

ಉಣಕಲ್ ಕೆರೆ:

ಒಂದು ಸೇರ್ಪಡೆ. ಮುಂದಿನ ಓದಿನ ಬಗ್ಗೆ ಮಕ್ಕಳಿಗೆ ಹೇಳುವಾಗ ಡಾಕ್ಟರ್-ಎಂಜಿನಿಯರ್ ಎಂಬ ಎರಡೇ ಹೆಸರು ಹೇಳಬೇಡಿ. ಬಿಎಸ್ಸಿ ಕೃಷಿ, ಬಿಎಸ್ಸಿ ನರ್ಸಿಂಗ್, ಡಿ.ಫಾರ್ಮಾ, ಇವಕ್ಕೆಲ್ಲ ಪಿಯುಸಿ ವಿಜ್ಞಾನವೇ ಬೇಕು. ಕೃಷಿ ವಿಶ್ವವಿದ್ಯಾಲಯದ ಕಾಲೇಜು ನಿಮ್ಮದೇ ಜಿಲ್ಲೆಯ ಹನುಮನಮಟ್ಟಿಯಲ್ಲಿದೆ, ಕೃಷಿಕರ ಕೋಟಾ ಕೂಡ ಇದೆ, ಆದರೂ ಹೊಲದ ಮನೆಯ ಮಗು ಆರ್ಟ್ಸ್‌ಗೆ ಸೇರಿ ಆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಎಲ್ಲರನ್ನೂ ಸೈನ್ಸ್‌ಗೆ ನೂಕುವುದೂ ಬೇಡ. ಗಣಿತದಲ್ಲಿ ತೀರಾ ಕಷ್ಟಪಡುವ ಮಗುವಿಗೆ ಐಟಿಐ, ಡಿಪ್ಲೊಮಾ ದಾರಿ ತಿಳಿಸಿ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಕೊನೆಯದಾಗಿ, ಲೆಕ್ಕ ಇಡುವುದು. ಒಂದು ವಹಿ ಸಾಕು: ಮಗುವಿನ ಹೆಸರು, ಜೂನ್‌ನಲ್ಲಿ ಎಲ್ಲಿ ಸೇರಿತು, ಸೆಪ್ಟೆಂಬರ್‌ನಲ್ಲಿ ಅಲ್ಲೇ ಇದೆಯೇ. ಜುಲೈ-ಆಗಸ್ಟ್‌ನಲ್ಲಿ ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಬದಲಾಯಿಸುವವರು ಬಹಳ. ಆ ಎಂಟು ವಾರ, ವಾರಕ್ಕೊಮ್ಮೆ ನಿಮ್ಮ ಇಬ್ಬರು ವಿದ್ಯಾರ್ಥಿಗಳು ಪಿಯು ಕಾಲೇಜಿಗೆ ಹೋಗಿ ಒಂದು ತಾಸು ಲೆಕ್ಕ ಬಿಡಿಸಿಕೊಡಲಿ. 20,000ದಲ್ಲಿ ಆ ಎಂಟು ವಾರದ ಬಸ್ ಖರ್ಚು ಮೊದಲೇ ತೆಗೆದಿಡಿ, ಉಳಿದದ್ದರಲ್ಲಿ ಸಾಮಾನು ಕೊಳ್ಳಿ.